ಅಬ್ಸೊಲ್ಯೂಟ್ ಬ್ಯಾಟ್‌ಮನ್ ಓದಿದವರು ಯಾರಿದ್ದೀರಿ? ಬಿಡಿ ಸಂಚಿಕೆ ನಮ್ಮೂರಲ್ಲಿ ಯಾಕೆ ಸಿಗಲ್ಲ?

ಪುಟತಿರುವು:
ಅಬ್ಸೊಲ್ಯೂಟ್ ಬ್ಯಾಟ್‌ಮನ್ ಮೊದಲ ಸಂಪುಟ (ಹಲವು ಸಂಚಿಕೆ ಸೇರಿಸಿದ ಪುಸ್ತಕ) ಮುಗಿಸಿದೆ. ಅಮೆರಿಕದ ಡಿಸಿ ಕಂಪನಿ ಬ್ಯಾಟ್‌ಮನ್ ಕಥೆಯನ್ನು ಮೊದಲಿಂದ ಬೇರೆ ಥರ ಹೇಳುವ ಕಾಮಿಕ್ಸ್ ಸರಣಿ ಇದು. ಬ್ಯಾಟ್‌ಮನ್ ಸಾಕಪ್ಪಾ ಅಂತ ಬಿಟ್ಟುಬಿಟ್ಟಿದ್ದವಳು ನಾನು. ಗಲ್ಲಿಯಲ್ಲಿ ಅಪ್ಪ ಅಮ್ಮ ಸಾಯುವುದು, ಮುತ್ತಿನ ಸರ ಹರಿದು ಬೀಳುವುದು, ಬಂಗಲೆ, ಬಟ್ಲರ್... ಎಷ್ಟು ಸಲ ಅಂತ ನೋಡೋದು? ಇದನ್ನು ಬರೆಯುವ ಸ್ಕಾಟ್ ಸ್ನೈಡರ್ ಅದನ್ನೆಲ್ಲ ಕಿತ್ತು ಹಾಕಿದ್ದಾರೆ. ಇಲ್ಲಿನ ಬ್ರೂಸ್ (ಬ್ಯಾಟ್‌ಮನ್‌ನ ಅಸಲಿ ಹೆಸರು) ಹತ್ತಿರ ದುಡ್ಡಿಲ್ಲ. ಅಪ್ಪ ಶಾಲಾ ಮೇಷ್ಟ್ರು, ಮಕ್ಕಳನ್ನು ಮೃಗಾಲಯಕ್ಕೆ ಕರೆದುಕೊಂಡು ಹೋದ ದಿನ ಗುಂಡಿಗೆ ಬಲಿಯಾದವರು. ಅಮ್ಮ ಬದುಕಿದ್ದಾಳೆ. ಬ್ರೂಸ್ ಊರಿಗಾಗಿ ದುಡಿಯುವ ಎಂಜಿನಿಯರ್. ಆಲ್‌ಫ್ರೆಡ್ ಇವನ ಮನೆ ನೋಡಿಕೊಳ್ಳುವ ಬಟ್ಲರ್ ಅಲ್ಲ, ಇವನ ಮೇಲೆ ಕಣ್ಣಿಡಲು ಬಂದ ಗೂಢಚಾರ. ಎದೆ ಮೇಲಿನ ಬಾವಲಿ ಗುರುತು ಬರೀ ಗುರುತಲ್ಲ, ಕಿತ್ತು ಹಿಡಿದರೆ ಕೊಡಲಿ!

ನನಗೆ ಹಿಡಿಸಿದ್ದು ಬೇರೆ. ಪೆಂಗ್ವಿನ್, ರಿಡ್ಲರ್, ಟೂ ಫೇಸ್, ಕಿಲ್ಲರ್ ಕ್ರಾಕ್ ಅನ್ನುವ ಖಳರು ಆಗಬೇಕಾದವರೆಲ್ಲ ಇಲ್ಲಿ ಅವನ ಬಾಲ್ಯದ ಗೆಳೆಯರು. ಒಟ್ಟಿಗೆ ಕೂತು ಇಸ್ಪೀಟು ಆಡುತ್ತಾರೆ. ಮುಂದೆ ಇವರಿಗೆ ಏನು ಕಾದಿದೆ ಅನ್ನೋದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಅಲ್ಲೇ ಹೊಟ್ಟೆ ತಳಮಳ ಶುರು.

ಎರಡು ಪ್ರಶ್ನೆ. ಒಂದು, ನಿಮಗೆ ಹೇಗನಿಸಿತು? ಎರಡು, ಬೆಂಗಳೂರಿನಲ್ಲಿ ಇದರ ಬಿಡಿ ಸಂಚಿಕೆ ಎಲ್ಲಾದರೂ ಸಿಗುತ್ತಾ? ಬೇನ್ ಅನ್ನುವ ಖಳ ಬರುವ ಭಾಗ ನಾನಿನ್ನೂ ಓದಿಲ್ಲ, ಬಾಯಿ ಬಿಡಬೇಡಿ.

ಹುಬ್ಬಳ್ಳಿ_ಹೈದ:
ಊರಿನ ಎಂಜಿನಿಯರ್ ರಾತ್ರಿಯೆಲ್ಲ ಎದ್ದು ಊರು ಕಾಯುತ್ತಾನೆ ಅಂದಾಗಲೇ ಗೊತ್ತಾಯಿತು ಇದು ಕಟ್ಟುಕಥೆ ಅಂತ. ನಮ್ಮ ರಸ್ತೆಯ ಗುಂಡಿಗೂ ಒಬ್ಬ ಬ್ಯಾಟ್‌ಮನ್ ಬರಲಿ.

ಮಜಾ ಬಿಟ್ಟು ಹೇಳಬೇಕಂದ್ರೆ, ನಿಕ್ ಡ್ರಗೊಟ್ಟಾ ಚಿತ್ರಕ್ಕೇ ಅರ್ಧ ಶ್ರೇಯಸ್ಸು. ಒಂದೇ ಪುಟದಲ್ಲಿ ಬೆಂಕಿಪೊಟ್ಟಣದಷ್ಟು ಸಣ್ಣ ಚೌಕ ತುಂಬಿ ಕಣ್ಣು ಓಡಿಸುತ್ತಾನೆ. ಪುಟ ತಿರುಗಿಸಿದ ಕೂಡಲೇ ಇಡೀ ಹಾಳೆ ತುಂಬ ಬ್ಯಾಟ್‌ಮನ್, ಬಾಗಿಲಲ್ಲಿ ಹಿಡಿಸದಷ್ಟು ಅಗಲ. ಮೊಬೈಲ್‌ನಲ್ಲಿ ಒಂದೊಂದೇ ಚೌಕ ದೊಡ್ಡದು ಮಾಡಿಕೊಂಡು ಓದುವವರಿಗೆ ಆ ಏಟು ಬೀಳೋದೇ ಇಲ್ಲ.

ಕಾರ್ಡ್‌ಬೋರ್ಡ್_ಪೆಟ್ಟಿಗೆ:
ಮೊದಲ ಸಂಚಿಕೆ 2024ರ ಅಕ್ಟೋಬರ್‌ನಲ್ಲಿ ಬಂತು. ಅಂಗಡಿಗಳಲ್ಲಿ ಮುಗಿದು ಮತ್ತೆ ಮತ್ತೆ ಅಚ್ಚಾಯಿತು. ನನ್ನ ಹತ್ತಿರ ಮೊದಲ ಮುದ್ರಣದ್ದೇ ಇದೆ, ಅಮೆರಿಕದಿಂದ ತಂಗಿ ತಂದುಕೊಟ್ಟಿದ್ದು. ಬೆಂಗಳೂರಿನಲ್ಲಿ ಪ್ರತಿ ವಾರ ಹೊಸ ಸಂಚಿಕೆ ತರಿಸುವ ಅಂಗಡಿ ಹುಡುಕೋದು ಬಿಡಿ ಮೇಡಂ. ಸಂಪುಟಗಳಾದರೆ ಧಾರಾಳ ಸಿಗುತ್ತವೆ. ಬ್ಲಾಸಂ, ಬುಕ್‌ವರ್ಮ್ ಎರಡೂ ಚರ್ಚ್ ಸ್ಟ್ರೀಟ್‌ನಲ್ಲೇ ಇವೆ, ಒಂದು ಸುತ್ತು ಹಾಕಿ.

ಬುಧವಾರ_ಬಂಧು:
ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಇಲ್ಲಿ ಕಾಮಿಕ್ಸ್ ಅಂಗಡಿಗೆ ಹೋಗುವುದು ಅಂದರೆ ಬುಧವಾರ ಹೋಗುವುದು. ಹೊಸ ಸಂಚಿಕೆಗಳು ಬರುವುದು ಅವತ್ತೇ. ಡಿಸಿಯವರು 2020ರಲ್ಲಿ ತಮ್ಮದನ್ನು ಮಂಗಳವಾರಕ್ಕೆ ಬದಲಾಯಿಸಿದ್ದರು. 2024ರ ಜುಲೈನಲ್ಲಿ ಮತ್ತೆ ಬುಧವಾರಕ್ಕೇ ಬಂದರು. ಅಂಗಡಿಯವರಿಗೂ ನಮಗೂ ನೆಮ್ಮದಿ.

ನಾನು ಹೋಗುವ ಅಂಗಡಿ ದೊಡ್ಡದೇನಲ್ಲ. ಪಕ್ಕದಲ್ಲಿ ಲಾಂಡ್ರಿ, ಆ ಕಡೆ ಪಿಜ್ಜಾ. ಒಳಗೆ ಗೋಡೆ ಉದ್ದಕ್ಕೂ ಈ ವಾರದ ಸಂಚಿಕೆಗಳು ಮುಖಪುಟ ತೋರಿಸಿಕೊಂಡು ನಿಂತಿರುತ್ತವೆ. ನಡುವೆ ಮೇಜಿನ ಮೇಲೆ ಉದ್ದನೆಯ ಬಿಳಿ ರಟ್ಟಿನ ಪೆಟ್ಟಿಗೆಗಳು, ಲಾಂಗ್‌ಬಾಕ್ಸ್ ಅಂತಾರೆ. ಒಂದೊಂದರಲ್ಲಿ 200ರ ಮೇಲೆ ಹಳೆಯ ಸಂಚಿಕೆ. ಪ್ರತಿಯೊಂದಕ್ಕೂ ಪ್ಲಾಸ್ಟಿಕ್ ಚೀಲ, ಬೆನ್ನಿಗೆ ಬಿಳಿ ರಟ್ಟು. ಎರಡು ಬೆರಳಲ್ಲಿ ಒಂದೊಂದೇ ಮುಂದಕ್ಕೆ ತಳ್ಳುತ್ತಾ ಹೋಗಬೇಕು. ಪೂರ್ತಿ ಎಳೆದು ನೋಡಿ ತಪ್ಪು ಜಾಗಕ್ಕೆ ಹಾಕಿದಿರೋ, ಅಂಗಡಿಯವರ ಮುಖ ನೋಡೋಕ್ಕಾಗಲ್ಲ.

ನಾನು ತಗೊಳ್ಳುವ ಪಟ್ಟಿ ಅವರ ಹತ್ತಿರ ಇರುತ್ತೆ, ಅದಕ್ಕೆ ಪುಲ್ ಲಿಸ್ಟ್ ಅಂತಾರೆ. ನಾನು ಹೋಗುವ ಹೊತ್ತಿಗೆ ಕೌಂಟರ್ ಹಿಂದೆ ನನ್ನ ಕಟ್ಟು ಸಿದ್ಧವಾಗಿರುತ್ತದೆ. ಈಗ ಅದರಲ್ಲಿರುವುದು ಅಬ್ಸೊಲ್ಯೂಟ್ ಬ್ಯಾಟ್‌ಮನ್, ಅಬ್ಸೊಲ್ಯೂಟ್ ವಂಡರ್ ವುಮನ್, ಮ್ಯಾಟ್ ಫ್ರಾಕ್ಷನ್ ಮತ್ತು ಹೋರ್ಹೆ ಹಿಮೆನೆಸ್ ಮಾಡುತ್ತಿರುವ ಮಾಮೂಲಿ ಬ್ಯಾಟ್‌ಮನ್. ಈ ಮಾಮೂಲಿ ಬ್ಯಾಟ್‌ಮನ್ 2025ರ ಸೆಪ್ಟೆಂಬರ್‌ನಲ್ಲಿ ಮತ್ತೆ ಒಂದನೇ ಸಂಚಿಕೆಯಿಂದ ಶುರುವಾಯಿತು. ಅಬ್ಸೊಲ್ಯೂಟ್ ಮಂಕು ಕವಿಸಿದರೆ ಇದು ಓದಿ, ಬಣ್ಣ ಬಣ್ಣವಾಗಿದೆ.

ಹೊಸಓದುಗ_ಮೈಸೂರು:
ಸರ್, ಒಂದು ಸಣ್ಣ ಡೌಟು. ಅಮೆರಿಕದಲ್ಲಿ ಊರೂರಿಗೆ ಇಂಥ ಅಂಗಡಿ ನಡೆಯುತ್ತೆ, ಬೆಂಗಳೂರಿನಂಥ ಊರಲ್ಲಿ ಒಂದೂ ಯಾಕೆ ನಡೆಯಲ್ಲ? ಓದುವವರು ಇಲ್ಲವಾ? ಕಾಮಿಕ್ ಕಾನ್ ಮೇಳಕ್ಕೆ ಜಾತ್ರೆ ಥರ ಜನ ಸೇರ್ತಾರಲ್ಲ.

ಬುಧವಾರ_ಬಂಧು:
ಓದುವವರ ಕೊರತೆ ಅಲ್ಲ. ವ್ಯಾಪಾರ ನಡೆಯುವ ರೀತಿಯೇ ಹಾಗಿದೆ.

ಹಿಂದೆ ಅಮೆರಿಕದಲ್ಲೂ ಕಾಮಿಕ್ಸ್ ಪೇಪರ್ ಅಂಗಡಿಗಳಲ್ಲಿ, ಔಷಧಿ ಅಂಗಡಿಗಳಲ್ಲಿ ಮಾರಾಟವಾಗುತ್ತಿತ್ತು. ಮಿಕ್ಕಿದ್ದನ್ನು ವಾಪಸ್ ಮಾಡಬಹುದಿತ್ತು. 1970ರ ದಶಕದ ಶುರುವಿನಲ್ಲಿ ನ್ಯೂಯಾರ್ಕಿನ ಫಿಲ್ ಸ್ಯೂಲಿಂಗ್ ಪ್ರಕಾಶಕರ ಹತ್ತಿರ ಬೇರೆ ವ್ಯವಹಾರ ಕುದುರಿಸಿದರು. ನಮಗೆ ಜಾಸ್ತಿ ರಿಯಾಯಿತಿ ಕೊಡಿ, ಮಿಕ್ಕಿದ್ದನ್ನು ವಾಪಸ್ ಕೊಡಲ್ಲ ಅಂತ. ಇವತ್ತಿನ ಕಾಮಿಕ್ಸ್ ಅಂಗಡಿಗಳೆಲ್ಲ ಬೆಳೆದದ್ದು ಆ ಒಪ್ಪಂದದ ಮೇಲೆ. ಮಾರಾಟವಾಗದ ಪ್ರತಿ ಅಂಗಡಿಯವನ ತಲೆ ಮೇಲೇ. ಅದಕ್ಕೇ ಸಂಚಿಕೆ ಬರುವ ಎಷ್ಟೋ ವಾರ ಮೊದಲೇ ಅವನು ಇಷ್ಟು ಪ್ರತಿ ಬೇಕು ಅಂತ ಹೇಳಬೇಕು. ಮದುವೆಗೆ ಎಷ್ಟು ಜನ ಬರ್ತಾರೋ ಗೊತ್ತಿಲ್ಲದೆ ಎಲೆ ಲೆಕ್ಕ ಹೇಳಿ ಅಡುಗೆಯವರಿಗೆ ಪೂರ್ತಿ ದುಡ್ಡು ಕೊಟ್ಟ ಹಾಗೆ. ಪುಲ್ ಲಿಸ್ಟ್‌ನಿಂದ ನನಗೆ ಅನುಕೂಲ ಇರಬಹುದು, ಅವನಿಗೆ ಅದೇ ಬದುಕು. ಕನಿಷ್ಠ ಇಷ್ಟು ಎಲೆ ಗ್ಯಾರಂಟಿ ಅಂತ.

ಈಗ ಬೆಂಗಳೂರಿನ ಅಂಗಡಿಯವರ ಜಾಗದಲ್ಲಿ ನಿಂತು ನೋಡಿ. ಬೆಲೆ 3.99ರಿಂದ 4.99 ಡಾಲರ್, ಕಥೆ 20 ಚಿಲ್ಲರೆ ಪುಟ. ಅದರ ಮೇಲೆ ಸಾಗಣೆ. ಹೊರದೇಶದ ಪುಸ್ತಕಕ್ಕೆ 2019ರ ಬಜೆಟ್‌ನಲ್ಲಿ ಹಾಕಿದ ಶೇಕಡ 5 ಸುಂಕ. ಇಷ್ಟಾಗಿ ಮಾರಾಟವಾಗದಿದ್ದರೆ ವಾಪಸ್ ಇಲ್ಲ. ಸಂಪುಟಗಳಾದರೆ ಮಾಮೂಲಿ ಪುಸ್ತಕ ವಿತರಕರ ಮೂಲಕ ಬರುತ್ತವೆ, ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೂ ಹಳಸಲ್ಲ. ಬಿಡಿ ಸಂಚಿಕೆ ಮುಂದಿನ ತಿಂಗಳಿಗೇ ಹಳತು.

ಇಲ್ಲೂ ಎಲ್ಲ ಸುಖವಾಗಿಲ್ಲ. ಡೈಮಂಡ್ ಅನ್ನುವ ಒಂದೇ ವಿತರಕ ಕಂಪನಿ ದಶಕಗಳ ಕಾಲ ಹೆಚ್ಚುಕಡಿಮೆ ಎಲ್ಲವನ್ನೂ ಸಾಗಿಸುತ್ತಿತ್ತು. 2020ರಲ್ಲಿ ಡಿಸಿ ಬಿಟ್ಟಿತು, 2021ರಲ್ಲಿ ಇನ್ನೊಂದು ದೊಡ್ಡ ಕಾಮಿಕ್ಸ್ ಕಂಪನಿ ಮಾರ್ವೆಲ್, ವಿತರಣೆಗೆ ಪುಸ್ತಕ ಕಂಪನಿ ಪೆಂಗ್ವಿನ್ ರ‍್ಯಾಂಡಮ್ ಹೌಸ್‌ಗೆ ಹೋಯಿತು. 2025ರ ಜನವರಿಯಲ್ಲಿ ಡೈಮಂಡ್ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು. ಮೊದಲು ಒಂದೇ ಕಡೆಯಿಂದ ಒಂದೇ ಪಾರ್ಸೆಲ್ ಬರುತ್ತಿತ್ತು. ಈಗ ಮೂರ್ನಾಲ್ಕು ಕಡೆ ಆರ್ಡರ್, ಮೂರ್ನಾಲ್ಕು ಕಡೆ ಸಾಗಣೆ ಖರ್ಚು. ದೊಡ್ಡ ಅಂಗಡಿಗಳು ತಡೆದುಕೊಂಡಾವು. ಸಣ್ಣವರಿಗೆ ಕಷ್ಟ.

ಡಿಂಗನ_ಅಭಿಮಾನಿ:
ಮಕ್ಕಳೇ, ನಮ್ಮ ಕಾಲದಲ್ಲಿ ಕಾಮಿಕ್ಸ್ ಅಂಗಡಿ ಅಂತ ಬೇರೆ ಇರಲಿಲ್ಲ. ಬಸ್ ಸ್ಟ್ಯಾಂಡಿನ ಪೇಪರ್ ಸ್ಟಾಲೇ ಕಾಮಿಕ್ಸ್ ಅಂಗಡಿ. ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೇ ಬರುತ್ತಿತ್ತು, ಫ್ಯಾಂಟಮ್, ಮಾಂಡ್ರೇಕ್. 'ಸುಧಾ' ಬಂದ ಕೂಡಲೇ ಮನೆಯಲ್ಲಿ ಫ್ಯಾಂಟಮ್ ಪುಟಕ್ಕೆ ಜಗಳ. ಆಮೇಲೆ ಬಾಲಮಂಗಳ, ಅದರಲ್ಲಿ ನಮ್ಮ ಡಿಂಗ. ಬಡ ಬ್ಯಾಟ್‌ಮನ್ ಅಂತ ಈಗ ಎಲ್ಲರೂ ಕುಣಿಯುತ್ತಿದ್ದೀರಿ, ಡಿಂಗನ ಹತ್ತಿರ ಬಂಗಲೆಯೂ ಇರಲಿಲ್ಲ, ಬಟ್ಲರೂ ಇರಲಿಲ್ಲ. ಇಲಿ. ಬರೀ ಇಲಿ. ಕಾಡು ಪೂರ್ತಿ ಅವನೇ ನೋಡಿಕೊಳ್ಳುತ್ತಿದ್ದ.

ಪುಟತಿರುವು:
ಅಂಕಲ್, ನಿಮ್ಮ ಡಿಂಗನಿಗೆ ನನ್ನ ನಮಸ್ಕಾರ. 😄 ಆದರೆ ತಮಾಷೆಯಲ್ಲೇ ದೊಡ್ಡ ಮಾತು ಹೇಳಿಬಿಟ್ಟಿರಿ. ಈಗ ಗೆಲ್ಲುತ್ತಿರುವ ಕಾಮಿಕ್ಸ್ ಎಲ್ಲ ನೋಡಿ. ನಾಯಕನ ಹತ್ತಿರ ಇದ್ದದ್ದನ್ನು ಮೊದಲು ಕಿತ್ತುಕೊಂಡು ಆಮೇಲೆ ಕಥೆ ಶುರು ಮಾಡುತ್ತಿದ್ದಾರೆ. ಬ್ಯಾಟ್‌ಮನ್‌ಗೆ ದುಡ್ಡಿಲ್ಲ. ಜೇಸನ್ ಆರನ್ ಬರೆಯುವ ಅಬ್ಸೊಲ್ಯೂಟ್ ಸೂಪರ್‌ಮ್ಯಾನ್‌ನಲ್ಲಿ ಅವನು ಹುಟ್ಟಿದ ಗ್ರಹ ಕ್ರಿಪ್ಟಾನ್ ಅಂದರೆ ವಿಜ್ಞಾನಿಗಳ ಸ್ವರ್ಗ ಅಲ್ಲ. ಅವನ ಅಪ್ಪ ಅಮ್ಮ ಅಲ್ಲಿ ದುಡಿಯುವ ವರ್ಗದವರು. ಭೂಮಿಗೆ ಬಂದವನೂ ತೊಟ್ಟಿಲ ಕೂಸಲ್ಲ, ಕಳೆದುಕೊಂಡಿದ್ದೆಲ್ಲ ನೆನಪಿರುವ ಹುಡುಗ. ವಂಡರ್ ವುಮನ್‌ಗೆ ಮೂಲ ಕಥೆಯ ದ್ವೀಪವೂ ಇಲ್ಲ, ಅಕ್ಕತಂಗಿಯರೂ ಇಲ್ಲ. ಕೂಸಾಗಿದ್ದಾಗಲೇ ನರಕಕ್ಕೆ ತಂದು ಮಾಟಗಾತಿ ಸರ್ಸಿಯ ಕೈಗೆ ಕೊಟ್ಟುಬಿಡುತ್ತಾರೆ. ಸರ್ಸಿಗೆ ಈ ಮಗು ಬೇಡ. ಆ ಬೇಡದ ಅಮ್ಮ ನಿಧಾನಕ್ಕೆ ಅಮ್ಮ ಆಗುವುದನ್ನು ಕೆಲ್ಲಿ ಥಾಂಪ್ಸನ್ ಬರೆದ ರೀತಿ ಇದೆಯಲ್ಲ, ಓದುತ್ತಾ ಗಂಟಲು ಕಟ್ಟಿತು. 2025ರಲ್ಲಿ ಹೊಸ ಸರಣಿಗೆ ಕೊಡುವ ಐಸ್ನರ್, ಅಂದರೆ ಕಾಮಿಕ್ಸ್ ಲೋಕದ ದೊಡ್ಡ ಪ್ರಶಸ್ತಿ, ಇದಕ್ಕೇ ಬಂತು. ನನ್ನ ಕೇಳಿದರೆ ಇದು ಅಬ್ಸೊಲ್ಯೂಟ್ ಬ್ಯಾಟ್‌ಮನ್‌ಗಿಂತ ಒಂದು ಕೈ ಮೇಲೆ.

ಹುಬ್ಬಳ್ಳಿ_ಹೈದ:
ಒಪ್ಪೋದಿಲ್ಲ. ವಂಡರ್ ವುಮನ್ ಚೆಂದ ಇದೆ, ಎಲುಬಿನ ಪೆಗಸಸ್ ಕುದುರೆ ನೋಡಿ ನಾನೂ ಬಾಯಿ ತೆರೆದು ಕೂತಿದ್ದೆ. ಆದರೆ ಅವಳು ಏನು ಮಾಡಿದರೂ ಸರಿಯಾಗೇ ಮಾಡುತ್ತಾಳೆ. ಎಷ್ಟು ದೊಡ್ಡ ರಾಕ್ಷಸ ಬರಲಿ, ಒಂದು ಮಂತ್ರ ಇದ್ದೇ ಇರುತ್ತೆ. ಬ್ರೂಸ್ ಹಂಗಲ್ಲ. ಏಟು ತಿಂದರೆ ಗೆಳೆಯರಿಗೂ ಏಟು.

ಪುಟತಿರುವು:
ಒಬ್ಬನನ್ನು ಉಳಿಸಲು ತನ್ನ ಕೈಯನ್ನೇ ಕತ್ತರಿಸಿ ಕೊಟ್ಟವಳು ಅವಳು. ಅದು ಏಟಲ್ಲವಾ?

ಹುಬ್ಬಳ್ಳಿ_ಹೈದ:
ಏಟೇ ರೀ. ಆದರೆ ಹೊಸ ಕೈ ಬಂತಲ್ಲ. ನಮ್ಮ ಬ್ರೂಸ್‌ಗೆ ಆಸ್ಪತ್ರೆ ಬಿಲ್ ಕಟ್ಟೋದೇ ಕಷ್ಟ.

ಬುಧವಾರ_ಬಂಧು:
ಕಿತ್ತುಕೊಳ್ಳುವ ಮಾತಿಗೆ ತಿರುಗೇಟು ಅಂದರೆ ಅಲ್ಟಿಮೇಟ್ ಸ್ಪೈಡರ್‌ಮ್ಯಾನ್. 2024ರ ಜನವರಿಯಲ್ಲಿ ಶುರುವಾದದ್ದು, ಜೊನಾಥನ್ ಹಿಕ್‌ಮನ್ ಬರಹ, ಮಾರ್ಕೊ ಕೆಕೆಟ್ಟೊ ಚಿತ್ರ. ಇಲ್ಲಿ ಪೀಟರ್‌ಗೆ (ಸ್ಪೈಡರ್‌ಮ್ಯಾನ್‌ನ ಅಸಲಿ ಹೆಸರು) ಎಲ್ಲ ಕೊಟ್ಟಿದ್ದಾರೆ. ಮದುವೆ, ಹೆಂಡತಿ ಎಂಜೆ, ಇಬ್ಬರು ಮಕ್ಕಳು. ಮೂಲ ಕಥೆಯಲ್ಲಿ ಸಾಯುವ ಅಂಕಲ್ ಬೆನ್ ಇಲ್ಲಿ ಬದುಕಿದ್ದಾರೆ, ಆಂಟಿ ಮೇ ತೀರಿಕೊಂಡಿದ್ದಾರೆ. ಒಂದನ್ನೇ ಕಿತ್ತುಕೊಂಡಿರುವುದು, ಜೇಡ ಕಚ್ಚುವ ಗಳಿಗೆ. 30 ದಾಟಿದ ಸಂಸಾರಸ್ಥನ ಎದುರಿಗೆ ಜೇಡ ಬಂದು ನಿಲ್ಲುತ್ತೆ, ಕಚ್ಚಿಸಿಕೊಳ್ಳಬೇಕೋ ಬೇಡವೋ ಅವನೇ ತೀರ್ಮಾನಿಸಬೇಕು. ಹದಿನೈದರ ಹುಡುಗನಿಗೆ ಆಕಸ್ಮಿಕವಾಗಿ ಆದದ್ದನ್ನು ಇವನು ತಿಳಿದೂ ತಿಳಿದೂ ಒಪ್ಪಿಕೊಳ್ಳುತ್ತಾನೆ.

ಇದು ಯಾಕೆ ಇಷ್ಟೊಂದು ಮಾರಾಟವಾಯಿತು ಗೊತ್ತಾ? ಪೀಟರ್‌ಗೂ ಎಂಜೆಗೂ 1987ರಲ್ಲಿ ಮದುವೆ ಮಾಡಿಸಿದ ಮಾರ್ವೆಲ್‌ನವರು 2007ರಲ್ಲಿ ಮೆಫಿಸ್ಟೊ ಅನ್ನುವ ಪಿಶಾಚಿ ಜೊತೆ ಒಪ್ಪಂದ ಮಾಡಿಸಿ ಆ ಮದುವೆ ನಡೆದೇ ಇಲ್ಲ ಅನ್ನಿಸಿಬಿಟ್ಟರು. ಅವತ್ತಿನಿಂದ ಓದುಗರು ಹಲ್ಲು ಕಡಿಯುತ್ತಾ ಕೂತಿದ್ದರು. ನಮ್ಮ ಅಂಗಡಿಯ ಮುದುಕರು ಇವತ್ತಿಗೂ ಆ ಕಥೆಯ ಹೆಸರು ಎತ್ತಿದರೆ ಕೆಂಡ ಕಾರುತ್ತಾರೆ. ಇನ್ನೊಂದು, ತಿಂಗಳಿಗೊಂದು ಸಂಚಿಕೆ ಬಂದರೆ ಕಥೆಯಲ್ಲೂ ಒಂದು ತಿಂಗಳು ಕಳೆದಿರುತ್ತಿತ್ತು. ನಮ್ಮ ಜೊತೆಯಲ್ಲೇ ಅವರ ಮಕ್ಕಳೂ ಬೆಳೆಯುತ್ತಿದ್ದರು. ಸಂಪುಟದಲ್ಲಿ ಓದಿದರೆ ಆ ಸುಖ ಇಲ್ಲ, ಬರೀ ಎಗರಿದ ಹಾಗೆ ಅನಿಸುತ್ತೆ.

ಕಾರ್ಡ್‌ಬೋರ್ಡ್_ಪೆಟ್ಟಿಗೆ:
ಅದಕ್ಕೇ ನಾನು ಬಿಡಿ ಸಂಚಿಕೆಯ ಪಕ್ಷ. ಜೊತೆಗೆ ಬೆಲೆಯೂ ಏರುತ್ತೆ. ಅಬ್ಸೊಲ್ಯೂಟ್ ಬ್ಯಾಟ್‌ಮನ್ ಒಂದನೇ ಸಂಚಿಕೆಯನ್ನು ಗ್ರೇಡಿಂಗ್‌ಗೆ ಕಳಿಸೋಣ ಅಂತಿದ್ದೇನೆ. ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಸೀಲ್ ಮಾಡಿ 10ಕ್ಕೆ ಇಷ್ಟು ಅಂತ ಅಂಕ ಕೊಡ್ತಾರೆ. ವೇರಿಯಂಟ್, ಅಂದರೆ ಬೇರೆ ಚಿತ್ರದ ವಿಶೇಷ ಮುಖಪುಟ ಇದ್ದರಂತೂ ಇನ್ನೂ ಜಾಸ್ತಿ.

ಪುಟತಿರುವು:
ಸೀಲ್ ಮಾಡಿದ ಮೇಲೆ ಓದೋದು ಹೇಗೆ?

ಕಾರ್ಡ್‌ಬೋರ್ಡ್_ಪೆಟ್ಟಿಗೆ:
ಓದೋಕೆ ಸಂಪುಟ ತಗೋತೀನಿ.

ಪುಟತಿರುವು:
ಹಾಗಾದರೆ ನೀವೂ ನಮ್ಮ ಪಕ್ಷವೇ.

ಬುಧವಾರ_ಬಂಧು:
ಪೆಟ್ಟಿಗೆ ಸಾಹೇಬರೇ, ಬೆಲೆ ಏರುತ್ತೆ ಅಂತ ತಗೋಬೇಡಿ. 1991ರ ಎಕ್ಸ್‌ಮೆನ್ ಒಂದನೇ ಸಂಚಿಕೆ 80 ಲಕ್ಷ ಪ್ರತಿಗಿಂತ ಹೆಚ್ಚು ಹೋಯಿತು, ಗಿನ್ನೆಸ್ ದಾಖಲೆ. ಐದು ಬೇರೆ ಬೇರೆ ಮುಖಪುಟ. ಜನ ಐದನ್ನೂ ಕೊಂಡು ಬೀರುವಿನಲ್ಲಿಟ್ಟರು, ಮಗಳ ಕಾಲೇಜಿಗೆ ಆಗುತ್ತೆ ಅಂತ. ಈಗ ನಮ್ಮ ಅಂಗಡಿಯ ಒಂದು ಡಾಲರ್ ಪೆಟ್ಟಿಗೆಯಲ್ಲಿ ಕೈ ಹಾಕಿದಾಗೆಲ್ಲ ಅದೇ ಸಿಗುತ್ತೆ. ಜಿಮ್ ಲೀ ಚಿತ್ರಿಸಿದ ಖಳ ಮ್ಯಾಗ್ನೀಟೊ ಮಾತ್ರ ಇವತ್ತಿಗೂ ಜಬರ್ದಸ್ತ್ ಆಗಿದ್ದಾನೆ ಬಿಡಿ, ಒಂದು ಡಾಲರ್‌ಗೆ ಮೋಸ ಇಲ್ಲ. ಆ ಹುಚ್ಚು ಇಳಿದಾಗ ಎಷ್ಟೋ ಅಂಗಡಿ ಮುಚ್ಚಿದವು, 1996ರ ಕೊನೆಯಲ್ಲಿ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು.

ವೇರಿಯಂಟ್‌ನ ಗುಟ್ಟೂ ಕೇಳಿ. 25ಕ್ಕೆ ಒಂದು ಅಂತ ಇರುತ್ತೆ. ಅಂಗಡಿಯವನು ಮಾಮೂಲಿ ಪ್ರತಿ 25 ತಗೊಂಡರೆ ಮಾತ್ರ ಆ ವಿಶೇಷ ಮುಖಪುಟದ ಒಂದು ಪ್ರತಿ ತರಿಸಬಹುದು. 15 ಗಿರಾಕಿ ಇರುವವನೂ ಆ ಒಂದರ ಆಸೆಗೆ 25 ತರಿಸುತ್ತಾನೆ. ಮಿಕ್ಕ 10? ವಾಪಸ್ ಇಲ್ಲ ಅಂದೆನಲ್ಲ. ಕೊನೆಗೆ ಅವೂ ಡಾಲರ್ ಪೆಟ್ಟಿಗೆಗೇ.

ಅಮ್ಮನ_ಪ್ರಶ್ನೆ:
ನಡುವೆ ಬಾಯಿ ಹಾಕ್ತಿದ್ದೀನಿ. ನನ್ನ ಮಗಳಿಗೆ 12 ವರ್ಷ. ಸಿನಿಮಾ ನೋಡಿ ಬ್ಯಾಟ್‌ಮನ್ ಕಾಮಿಕ್ಸ್ ಬೇಕು ಅಂತಿದ್ದಾಳೆ. ಈ ಅಬ್ಸೊಲ್ಯೂಟ್ ಕೊಡಿಸಬಹುದಾ?

ಪುಟತಿರುವು:
ಈಗಲೇ ಬೇಡ ಅಕ್ಕ. ಕೊಡಲಿ ಸುಮ್ನೆ ಇಟ್ಟುಕೊಂಡಿಲ್ಲ ಅವನು, ಕೈ ಕಾಲು ಕತ್ತರಿಸುವುದೆಲ್ಲ ಇದೆ. 'ಸೂಪರ್‌ಮ್ಯಾನ್ ಸ್ಮ್ಯಾಶಸ್ ದ ಕ್ಲಾನ್' ಕೊಡಿಸಿ. ಜೀನ್ ಲುಯೆನ್ ಯಾಂಗ್ ಬರಹ, ಗುರಿಹಿರು ಚಿತ್ರ. 1946ರಲ್ಲಿ ಅಮೆರಿಕದ ರೇಡಿಯೋದಲ್ಲಿ ಬಂದ ಸೂಪರ್‌ಮ್ಯಾನ್ ಧಾರಾವಾಹಿಯ ಕಥೆಯನ್ನು ಆಧರಿಸಿದ್ದು. ಊರಿಗೆ ಹೊಸದಾಗಿ ಬಂದ ಚೀನೀ ಮನೆತನದ ಹುಡುಗಿಯ ಕಣ್ಣಿಂದ ನಡೆಯುತ್ತೆ. ಅವಳಿಗೆ ಹಿಡಿಸದಿದ್ದರೆ ನೀವೇ ಓದಿ. ಇನ್ನೊಂದು, ಕಮಲಾ ಖಾನ್ ಅನ್ನುವ ಹುಡುಗಿಯ ಕಥೆ ಮಿಸ್ ಮಾರ್ವೆಲ್, 2014ರ ಮೊದಲ ಸಂಪುಟದಿಂದ.

ಬೆಲೆ ನೋಡುವುದಾದರೆ 2024ರಿಂದ ಡಿಸಿಯವರು ಕಾಂಪ್ಯಾಕ್ಟ್ ಅಂತ ಸಣ್ಣ ಅಳತೆಯ ಪುಸ್ತಕ ತರುತ್ತಿದ್ದಾರೆ. ಅಲ್ಲಿ 9.99 ಡಾಲರ್, ಒಂದು ಪೂರ್ತಿ ಕಥೆ. ಇಲ್ಲೂ ಸಿಗುತ್ತವೆ. ಅಕ್ಷರ ಸಣ್ಣದು, 12ರ ಕಣ್ಣಿಗೆ ಏನೂ ತೊಂದರೆ ಇಲ್ಲ, ನನಗೆ ಕನ್ನಡಕ ಬೇಕು. ಎಲ್ಲವೂ ಮಕ್ಕಳಿಗಲ್ಲ, ದೊಡ್ಡವರಿಗೆ ಬರೆದ ವಾಚ್‌ಮೆನ್ ಕೂಡ ಅದೇ ಅಳತೆಯಲ್ಲಿ ಬಂದಿದೆ. ಹಿಂಬದಿ ನೋಡಿ ತಗೊಳ್ಳಿ.

ಡಿಂಗನ_ಅಭಿಮಾನಿ:
ಆ ಮಗುವಿಗೆ ನಮ್ಮ ದೇಶದ ಸ್ಪೈಡರ್‌ಮ್ಯಾನ್ ಪವಿತ್ರ್ ಪ್ರಭಾಕರ್ ಪರಿಚಯ ಮಾಡಿಸಮ್ಮ. ಸಿನಿಮಾದಲ್ಲಿ ಬಂದ ಮೇಲೆ ಎಲ್ಲರಿಗೂ ಗೊತ್ತು. ಆದರೆ ಅವನು ಹುಟ್ಟಿದ್ದು 2004ರಲ್ಲಿ, ಗಾಥಮ್ ಅನ್ನುವ ನಮ್ಮ ದೇಶದ ಕಾಮಿಕ್ಸ್ ಕಂಪನಿ ಮಾರ್ವೆಲ್ ಜೊತೆ ಸೇರಿ ಮಾಡಿದ ನಾಲ್ಕು ಸಂಚಿಕೆಯಲ್ಲಿ. ಚಿತ್ರ ಬರೆದವರು ಜೀವನ್ ಕಾಂಗ್. ಸ್ಪೈಡರ್‌ಮ್ಯಾನ್‌ಗೆ ಪಂಚೆ ಉಡಿಸಿದ್ದರು! ಜೇಡ ಕಚ್ಚುವುದೂ ಇಲ್ಲ, ಯೋಗಿಯೊಬ್ಬ ಶಕ್ತಿ ಕೊಡುತ್ತಾನೆ. ಅದೇ ಗಾಥಮ್‌ನವರು ಡಿಸಿ, ಮಾರ್ವೆಲ್ ಸಂಚಿಕೆಗಳನ್ನು ಇಲ್ಲೇ ಅಚ್ಚು ಹಾಕಿ ಕಡಿಮೆ ಬೆಲೆಗೆ ಮಾರುತ್ತಿದ್ದರು. ಪುಟತಿರುವು ಅವರು ಕೇಳಿದ ಬಿಡಿ ಸಂಚಿಕೆ ಒಂದು ಕಾಲಕ್ಕೆ ಇಲ್ಲೂ ಇತ್ತು ಅನ್ನೋದಕ್ಕೆ ಹೇಳಿದೆ.

ಕಾರ್ಡ್‌ಬೋರ್ಡ್_ಪೆಟ್ಟಿಗೆ:
ಆ ಗಾಥಮ್ ಪ್ರತಿಗಳು ಹಳೇ ಪುಸ್ತಕದ ಅಂಗಡಿಗಳಲ್ಲಿ ಈಗಲೂ ಆಗೊಮ್ಮೆ ಈಗೊಮ್ಮೆ ಕಾಣುತ್ತವೆ. ಹುಡುಕುವವರಿಗೆ ನಾಲ್ಕು ಮಾತು. ಕಾಮಿಕ್ಸ್ ಅಂತ ಬರೆದ ಕಪಾಟಿನಲ್ಲಿ ಮಾತ್ರ ನೋಡಬೇಡಿ, ಮಕ್ಕಳ ಪುಸ್ತಕದ ರಾಶಿಯ ಅಡಿಯಲ್ಲಿ, ನೆಲದ ಮೇಲಿನ ಕಟ್ಟುಗಳಲ್ಲಿ ನೋಡಿ. ತೆಳು ಪುಸ್ತಕ ಅಲ್ಲವಾ, ದಪ್ಪ ವಾರ್ಷಿಕ ವಿಶೇಷಾಂಕಗಳ ನಡುವೆ ಸಿಕ್ಕಿಕೊಂಡಿರುತ್ತವೆ. ಮುಖಪುಟ ನೋಡಿ ಮರುಳಾಗದೆ ನಡುವಿನ ಪುಟ ತೆಗೆದು ಪಿನ್ ನೋಡಿ. ನಮ್ಮ ಮಳೆಗಾಲಕ್ಕೆ ಪಿನ್ ತುಕ್ಕು ಹಿಡಿದು ಸುತ್ತಲಿನ ಕಾಗದ ಕೆಂಪಗಾಗಿರುತ್ತದೆ, ಮುಟ್ಟಿದರೆ ನಡು ಹಾಳೆ ಕೈಗೇ ಬರುತ್ತೆ. ಪ್ಲಾಸ್ಟಿಕ್ ಕವರ್‌ಗೆ ಟೇಪ್ ಅಂಟಿಸಿದ್ದರೆ ಪುಸ್ತಕ ಎಳೆಯುವ ಮೊದಲು ಟೇಪನ್ನು ಹಿಂದಕ್ಕೆ ಮಡಚಿ ಕವರ್‌ಗೇ ಅಂಟಿಸಿ. ಇಲ್ಲದಿದ್ದರೆ ಹೊರಗೆ ಬರುವಾಗ ಮುಖಪುಟದ ಬಣ್ಣ ಟೇಪಿನ ಜೊತೆ ಹೋಗುತ್ತೆ. ಮೊದಲ ಪುಟದ ಮೇಲೆ ಪೆನ್ಸಿಲ್‌ನಲ್ಲಿ ಬರೆದ ಬೆಲೆಯನ್ನು ಉಜ್ಜಬೇಡಿ, ಹಳೇ ಕಾಗದ ಕಿತ್ತು ಬರುತ್ತೆ.

ಹೊಸಓದುಗ_ಮೈಸೂರು:
ಡಿಜಿಟಲ್ ಬಗ್ಗೆ ಯಾರೂ ಹೇಳ್ತಿಲ್ಲ. ಮೈಸೂರಿನಿಂದ ಪ್ರತಿ ಸಲ ಚರ್ಚ್ ಸ್ಟ್ರೀಟ್‌ಗೆ ಬರೋಕಾಗುತ್ತಾ?

ಬುಧವಾರ_ಬಂಧು:
ಮಾರ್ವೆಲ್ ಅನ್‌ಲಿಮಿಟೆಡ್ ಇದೆ, ಚಂದಾ ಕಟ್ಟಿದರೆ ಹಳೆಯದು ಬಹಳಷ್ಟು ಓದಬಹುದು, ಹೊಸದು ಸುಮಾರು ಮೂರು ತಿಂಗಳು ತಡವಾಗಿ ಬರುತ್ತೆ. ಮೊದಲು ಕಾಮಿಕ್ಸಾಲಜಿ ಅಂತ ಒಳ್ಳೆ ಆಪ್ ಇತ್ತು, 2023ರ ಡಿಸೆಂಬರ್‌ನಲ್ಲಿ ಅದನ್ನು ಕಿಂಡಲ್ ಒಳಗೆ ಸೇರಿಸಿಬಿಟ್ಟರು. ಟ್ಯಾಬ್ಲೆಟ್ ಇದ್ದರೆ ಪರವಾಗಿಲ್ಲ. ಮೊಬೈಲ್ ಬಗ್ಗೆ ಹುಬ್ಬಳ್ಳಿಯವರು ಹೇಳಿದ್ದೇ ನನ್ನ ಮಾತೂ.

ಹುಬ್ಬಳ್ಳಿ_ಹೈದ:
ಮಾರ್ವೆಲ್‌ನ ಡೆಡ್‌ಪೂಲ್, ಡಿಸಿಯ ಬ್ಯಾಟ್‌ಮನ್ ಒಂದೇ ಕಥೆಯಲ್ಲಿ ಸೇರಿದ್ದು ಯಾರಾದರೂ ಓದಿದಿರಾ? 2003ರ ಜೆಎಲ್‌ಎ ಅವೆಂಜರ್ಸ್ ಅನ್ನುವ ಜಂಟಿ ಕಥೆ ಆದಮೇಲೆ ಎರಡೂ ಕಂಪನಿ ಮತ್ತೆ ಕೈ ಜೋಡಿಸಿದ್ದು ಈಗಲೇ ಅಂತ ದೊಡ್ಡ ಸದ್ದಾಗಿತ್ತು.

ಬುಧವಾರ_ಬಂಧು:
ಎರಡೂ ಓದಿದೆ. 2025ರ ಸೆಪ್ಟೆಂಬರ್‌ನಲ್ಲಿ ಮಾರ್ವೆಲ್‌ನವರದ್ದು ಬಂತು, ಝೆಬ್ ವೆಲ್ಸ್ ಬರಹ, ಗ್ರೆಗ್ ಕಪುಲ್ಲೊ ಚಿತ್ರ. ನಗು ಬರುತ್ತೆ, ಮರುದಿನಕ್ಕೆ ಮರೆತುಹೋಗುತ್ತೆ. ನವೆಂಬರ್‌ನಲ್ಲಿ ಡಿಸಿಯದ್ದು, ಗ್ರಾಂಟ್ ಮಾರಿಸನ್ ಮತ್ತು ಡ್ಯಾನ್ ಮೋರಾ. ಮಾರಿಸನ್ ಬರೆದರೆ ನಮ್ಮ ತಲೆಗೂ ಕೆಲಸ. ನಡುವೆ ಇರುವ ಸಣ್ಣ ಸಣ್ಣ ಜೋಡಿ ಕಥೆಗಳಿಗೇ ದುಡ್ಡು ಸಾರ್ಥಕ. ಅಂಗಡಿಯವನಿಗೆ ಮಾತ್ರ ಹಬ್ಬ, ಎಂದೂ ಬರದ ಜನ ಅವತ್ತು ಬಂದಿದ್ದರು.

ಅಮ್ಮನ_ಪ್ರಶ್ನೆ:
ಸೂಪರ್‌ಮ್ಯಾನ್ ಪುಸ್ತಕ ತಂದೆ. ಮಗಳು ಒಂದೇ ಸಲಕ್ಕೆ ಕೂತು ಓದಿ ಮುಗಿಸಿ, "ಇದರ ಎರಡನೇ ಭಾಗ ಎಲ್ಲಿ?" ಅಂತ ಪ್ರಾಣ ತಿಂತಿದ್ದಾಳೆ. ಇದೆಯಾ?

ಪುಟತಿರುವು:
ಇದು ಒಂದರಲ್ಲೇ ಮುಗಿಯುವ ಕಥೆ ಅಕ್ಕ. ಮಿಸ್ ಮಾರ್ವೆಲ್ ಮೊದಲ ಎರಡು ಸಂಪುಟ ನನ್ನ ಹತ್ತಿರ ಇವೆ, ಶನಿವಾರ ಚರ್ಚ್ ಸ್ಟ್ರೀಟ್ ಕಡೆ ಬರ್ತೀನಿ, ಬೇಕಾದರೆ ತರ್ತೀನಿ. ಹುಬ್ಬಳ್ಳಿ ಹೈದರೇ, ನೀವು ಬೆಂಗಳೂರಿಗೆ ಬಂದಾಗ ನನ್ನ ವಂಡರ್ ವುಮನ್ ಸಂಪುಟ ತಗೊಂಡು ಹೋಗಿ. ಎರಡನೇ ಸಲ ಓದಿ ಆಮೇಲೆ ಜಗಳ ಆಡಿ.

ಹುಬ್ಬಳ್ಳಿ_ಹೈದ:
ಬರ್ತೀನ್ರೀ. ಬೇನ್ ಭಾಗ ನಾನು ತರ್ತೀನಿ. ಊಟ ಆದಮೇಲೆ ಓದಬೇಡಿ, ಅಷ್ಟೇ ಹೇಳೋದು.